ನೀನು ನಿಲ್ಲಿಸಿಟ್ಟ ಮಂಗಳವಾರ

ಬೆಟಗೇರಿ, ನಿಮ್ಮ ಮಗ್ಗದ ಮೇಲಿನ ಕೋಣೆ

ಜಗಳಗಂಟಿ ಜಾಸ್ಮಿನ,

ಇವತ್ತು ನಿನ್ನ ಗಡಿಯಾರಕ್ಕೆ ಕೈ ಹಾಕಿದೆ. ಬಯ್ಯುವುದಿದ್ದರೆ ಬಯ್ಯಿ, ಆದರೆ ಪೂರ್ತಿ ಓದಿ ಬಯ್ಯಿ.

ನೀರು ಬಿಡುವ ಖಬರನ್ನು ಮನೆಮನೆಯ ಫೋನಿಗೆ ಕಳಿಸುವ ಸಾಫ್ಟ್‌ವೇರ್ ಮಾಡಲು ನಾವಿಬ್ಬರೂ ಕೂತಾಗ ಆದ ಫಜೀತಿ ನೆನಪಿದೆಯಾ? ನಿನ್ನ ಲ್ಯಾಪ್‌ಟಾಪಿನಲ್ಲಿ ನಡೆದದ್ದು ನನ್ನದರಲ್ಲಿ ನಡೆಯುತ್ತಿರಲಿಲ್ಲ, ನನ್ನದರಲ್ಲಿ ನಡೆದದ್ದು ಲಕ್ಷ್ಮೇಶ್ವರದ ನೀರಿನ ಆಫೀಸಿನ ಕಂಪ್ಯೂಟರಿನಲ್ಲಿ ಕೈಕೊಡುತ್ತಿತ್ತು. ಪ್ರತಿ ಸಲ ಒಬ್ಬರು ಗಾಡಿ ಹತ್ತಿ ಅಲ್ಲಿಗೆ ಓಡಬೇಕು. ಸಾಫ್ಟ್‌ವೇರನ್ನು ಅದಕ್ಕೆ ಬೇಕಾದ್ದೆಲ್ಲದರ ಸಮೇತ ಒಂದು ಕಂಟೇನರಿನಲ್ಲಿ ಕಟ್ಟಿ ಹಾಕೋಣ ಎಂದು ನೀನು ಎರಡು ತಿಂಗಳು ನನ್ನ ಬೆನ್ನು ಹತ್ತಿದೆ. "ಬುತ್ತಿ ಕಟ್ಟಿದಂಗಲೇ. ರೊಟ್ಟಿ, ಪಲ್ಯ, ಉಪ್ಪು ಸೈತ ನಮ್ಮದ ಒಯ್ಯೂದು. ಗದಗಿನಾಗ ಬಿಚ್ಚು, ಮುಂಡರಗಿಯಾಗ ಬಿಚ್ಚು, ರುಚಿ ಒಂದ ಇರ್ತೈತಿ." ನನಗೋ ಸೊಕ್ಕು. ನನ್ನದರಲ್ಲಿ ನಡೆಯುತ್ತದಲ್ಲ, ನಿನ್ನ ಬುತ್ತಿ ಯಾಕೆ ಬೇಕು ಎಂದೆ.

ಆ ಮಂಗಳವಾರ ನೀನೊಬ್ಬಳೇ ಕಟ್ಟಿ ಮುಗಿಸಿದೆ. ಲಕ್ಷ್ಮೇಶ್ವರಕ್ಕೆ ಹೋಗುವ ಪಾಳಿ ನನ್ನದು. ನನ್ನನ್ನು ಕೇಳದೆ ಮಾಡಿದೆಯೆಂದು ನಾನು ಮುಖ ಊದಿಸಿಕೊಂಡು ಕೂತಿದ್ದೆ. ನೀನು ನಕ್ಕು ಗಾಡಿಯ ಕೀಲಿ ತೆಗೆದುಕೊಂಡೆ. "ಇದೊಂದ ಸಲ ಹೋಗಿ ಹಾಕಿ ಬಂದ್ರ ಆತು. ಇನ್ನ ಮುಂದ ಯಾರೂ ಓಡೂದು ಬ್ಯಾಡ." ನೀನು ಹೋದೆ, ಹಾಕಿದೆ. ತಿರುಗಿ ಬರುವಾಗ ಮುಳಗುಂದದ ಹತ್ತಿರ ಲಾರಿ ಬಡಿಯಿತು.

ಅಂದಿನಿಂದ ನೀನು ಆ ಬುತ್ತಿಯೊಳಗಿದ್ದೀ. ಸಾಫ್ಟ್‌ವೇರ್ ಸರಿ ಇದೆಯೇ ಎಂದು ಇಲ್ಲೇ ನೋಡುವ ಪರೀಕ್ಷೆಗೆ ಒಂದೇ ತಾರೀಖು ಬೇಕೆಂದು ನಮ್ಮ ಪರೀಕ್ಷೆಯ ಕಂಟೇನರಿನ ಗಡಿಯಾರವನ್ನು ನೀನು ನಿಲ್ಲಿಸಿದ್ದೆ. ತೆರೆದಾಗಲೆಲ್ಲ ಅಲ್ಲಿ ಜುಲೈ ತಿಂಗಳ ಅದೇ ಮಂಗಳವಾರ, ಹನ್ನೊಂದು ಇಪ್ಪತ್ತು. ನಿನ್ನ ಅಜ್ಜಿ ರಸೂಲಬಿಯ ಹೆಸರಿಗೆ ನೀನು ಬರೆದಿಟ್ಟ ಹುಸಿ ಸಂದೇಶ ಹೋಗುತ್ತದೆ. ಪರೀಕ್ಷೆಗಳೆಲ್ಲ ಪಾಸಾಗುತ್ತವೆ. ಕೊನೆಗೆ ಪರದೆಯ ಮೇಲೆ ನಿನ್ನ ಸಾಲು: "ಎಲ್ಲಾ ಬರೋಬರಿ ಐತಿ ಲಕ್ಷ್ಮೀ. ಸಿಟ್ಟು ಬಿಡು, ಚಾ ಕುಡಿ." ಮುಚ್ಚಿದರೆ ಎಲ್ಲ ಅಳಿಸಿಹೋಗುತ್ತದೆ. ಮತ್ತೆ ತೆರೆದರೆ ಮತ್ತೆ ಹನ್ನೊಂದು ಇಪ್ಪತ್ತು, ನೀನಿನ್ನೂ ಮೆಟ್ಟಿಲು ಇಳಿದಿರುವುದಿಲ್ಲ. ದಿನಕ್ಕೆ ಇಪ್ಪತ್ತು ಸಲ ತೆರೆದಿದ್ದೇನೆ. ಕೆಲಸಕ್ಕಲ್ಲ, ಸುಳ್ಳು ಹೇಳುವುದಿಲ್ಲ. ಎಷ್ಟೋ ಸಲ ಬೆನ್ನ ಹಿಂದೆ ನಿನ್ನ ಬಳೆಯ ಸದ್ದಾದಂತಾಗಿ ತಿರುಗಿ ನೋಡಿದ್ದೇನೆ. ಕೆಳಗೆ ನಿನ್ನ ಅಪ್ಪ ದಸ್ತಗೀರ ಕಾಕಾನ ಮಗ್ಗ ಮಾತ್ರ ಬಡಿಯುತ್ತಿರುತ್ತದೆ. ಅವರಿಗೆ ಮುಖ ತೋರಿಸಲಾಗದೆ ಹೊರಗಿನ ಮೆಟ್ಟಿಲಿನಿಂದಲೇ ಹತ್ತಿ ಇಳಿಯುತ್ತೇನೆ.

ಗಡಿಯಾರದ ಸಾಲಿನ ಪಕ್ಕದಲ್ಲೇ ನೀನು ಬರೆದಿದ್ದೆ: "ಸದ್ಯಕ್ಕ ನಿಲ್ಲಿಸೀನಿ. ನಾಳೆ ನೆನಪಿಲೆ ತಗಿ." ಏಳು ತಿಂಗಳು ನಾನು ತೆಗೆಯಲಿಲ್ಲ. ತೆಗೆದರೆ ನೀನು ಸಾಯುತ್ತೀ ಎನಿಸುತ್ತಿತ್ತು.

ಹೋದ ವಾರ ಲಕ್ಷ್ಮೇಶ್ವರದಿಂದ ಭಾಗೀರಥಿಬಾಯಿ ಎಂಬ ಎಂಬತ್ತರ ಹಿರಿಯರು ಫೋನ್ ಮಾಡಿದರು. "ನೀರು ಬರ್ತೈತಿ ಅಂತ ನಿಮ್ಮ ಖಬರ ಬಂತು. ಎರಡು ದಿನಾ ಕೊಡಾ ಇಟಗೊಂಡು ನಳದ ಮುಂದ ಕುಂತೀನವಾ. ಮೂರನೇ ದಿನಾ ನಾ ಮಲಗಿದಾಗ ಬಂದು ಹೋತು." ಬುತ್ತಿ ಬಿಚ್ಚಿ ನೋಡಿದೆ. ಎಲ್ಲಾ ಬರೋಬರಿ ಐತಿ ಎಂದೆ ನೀನು. ಅನ್ನದೆ ಏನು ಮಾಡುತ್ತೀ, ನಿನಗೆ ಅದಿನ್ನೂ ಜುಲೈ. ವರ್ಷ ಬದಲಾದ ಮೇಲೆ ನೀರಿನ ಸರದಿಯ ದಿನಗಳ ಎಣಿಕೆ ತಪ್ಪುತ್ತಿತ್ತು. ಆ ಎಣಿಕೆ ಬರೆದವಳು ನಾನು.

ಇವತ್ತು ಬೆಳಿಗ್ಗೆ ಗಡಿಯಾರದ ಸಾಲು ಅಳಿಸಿದೆ. ಇವತ್ತಿನ ತಾರೀಖು ಒಳಗೆ ಹೊಕ್ಕದ್ದೇ ತಡ, ಪರೀಕ್ಷೆಗಳು ಒಂದೊಂದಾಗಿ ಫೇಲಾಗಿ ಕೆಂಪಾದವು. ನಿನ್ನ ಸಾಲು ಬರಲಿಲ್ಲ. ಮಧ್ಯಾಹ್ನದವರೆಗೆ ಕೂತು ಎಣಿಕೆ ತಿದ್ದಿದೆ. ಆಮೇಲೆ ಬಂತು, ಅದೇ ಸಿಟ್ಟು, ಅದೇ ಚಾ, ಪಕ್ಕದಲ್ಲಿ ಇವತ್ತಿನ ತಾರೀಖು. ನೀನಿಲ್ಲದ ದಿನದಲ್ಲಿ ನಿನ್ನ ಮಾತನ್ನು ಮೊದಲ ಸಲ ಓದಿ ಅತ್ತೆ. ತಿದ್ದಿದ್ದನ್ನು ಕೂತಲ್ಲಿಂದಲೇ ಲಕ್ಷ್ಮೇಶ್ವರಕ್ಕೆ ಕಳಿಸಿದೆ. ಯಾರೂ ಗಾಡಿ ಹತ್ತಲಿಲ್ಲ.

ಆಮೇಲೆ ಕೆಳಗಿಳಿದು ಹೋಗಿ ಹೇಳಿಬಿಟ್ಟೆ. "ಕಾಕಾ, ಅವತ್ತಿನ ಪಾಳಿ ನಂದಿತ್ತು." ಮಗ್ಗ ನಿಂತಿತು.

"ಗೊತ್ತೈತವಾ," ಎಂದರು. "ಆಕಿ ಹೋಗೂಮುಂದ ಹೇಳಿದ್ಲು, ಲಕ್ಷ್ಮೀ ಸಿಟ್ಟಾಗ್ಯಾಳ, ಕೆಳಗ ಬಂದ್ರ ಚಾ ಕೊಡ್ರಿ ಅಂತ. ಏಳು ತಿಂಗಳಾತು, ನೀ ಬರಲೇ ಇಲ್ಲ."

ಕುಡಿದೆ, ಲೇ. ಸಕ್ಕರೆ ಜಾಸ್ತಿಯಾಗಿತ್ತು.

ನೀನಿರುವಲ್ಲಿಯೂ ಇನ್ನು ಬುಧವಾರವಾಗಲಿ.

ಸಿಟ್ಟು ಬಿಟ್ಟಿರುವ
ನಿನ್ನ ಶ್ರೀಲಕ್ಷ್ಮೀ