ಕೊನೆಯ ತೂಬು

ಸೆಪ್ಟೆಂಬರ್ 14, ಭಾನುವಾರ. ಪಾಲಹಳ್ಳಿ.

ಹೊಟ್ಟೆಯುರಿ ಇನ್ನೂ ಆರಿಲ್ಲ. ಆ ಕಂಪ್ಯೂಟರ್ ಆಟವನ್ನು ಗೆಳೆಯ ನಂದೀಶನಿಗೆ ಹೇಳಿದವನೇ ನಾನು. ಪಾಳು ದ್ವೀಪದಲ್ಲಿ ಒಬ್ಬನೇ ಓಡಾಡಬೇಕು, ಪರದೆಯಲ್ಲಿ ಕಾಣುವುದು ನಮ್ಮ ಕೈ ಮಾತ್ರ, ಸುತ್ತಲಿನ ಕಲ್ಲು, ನೀರು ನೋಡಿಯೇ ದಾರಿ ಬಿಡಿಸಿಕೊಳ್ಳಬೇಕು, ಆಡಲೇಬೇಕು ಕಣ್ಲಾ ಅಂತ ಪ್ರಾಣ ತಿಂದಿದ್ದೆ. ಅಲ್ಲಿನ ನಾಲ್ಕು ತೂಬಿನ ಕಾಲುವೆಯ ಹತ್ತಿರ ನಾನೇ ಮೂರು ವಾರದಿಂದ ಸಿಕ್ಕಿಹಾಕಿಕೊಂಡಿದ್ದೇನೆ. ನೀರು ಬಿಡಲು ಮೇಲಿನಿಂದ ಒಂದೊಂದೇ ತೂಬು ಎತ್ತುತ್ತಾ ಬಂದರೆ ಕೊನೆಯ ಕೊಳಕ್ಕೆ ನೀರೇ ಮುಟ್ಟುವುದಿಲ್ಲ. ಅದನ್ನು ಮಾತ್ರ ಅವನಿಗೆ ಹೇಳಿರಲಿಲ್ಲ.

ಸಂಜೆ ಅವನ ಮನೆಗೆ ಹೋದರೆ, ಲ್ಯಾಪ್‌ಟಾಪಿನ ಮುಂದೆ ನಮ್ಮಪ್ಪ! ಅದೇ ಕಾಲುವೆ ತೋರಿಸಿ ಕೇಳಲು ನಂದೀಶನೇ ಕರೆಸಿಕೊಂಡಿದ್ದನಂತೆ. ಮೂವತ್ತು ವರ್ಷ ನೀರುಗಂಟಿಯಾಗಿ ನಾಲೆಯ ನೀರು ಹಂಚಿದವರು, ಅವನ ಹೆಗಲ ಮೇಲೆ ಕೈಯಿಟ್ಟು ಹೇಳುತ್ತಿದ್ದರು: "ಕೊನೆ ತೂಬು ಮೊದ್ಲು ಎತ್ಲಾ. ಮೇಲ್ನೋರೇ ಮೊದ್ಲು ನೀರು ಕಟ್ಕಂಡ್ರೆ ಕೆಳಗ್ನೋರ್ಗೆ ಏನ್ ಸಿಕ್ತದೆ?"

ಕೊಳ ತುಂಬಿತು. ಅಪ್ಪ ನಕ್ಕರು. ನನ್ನ ಹೆಗಲ ಮೇಲೆ ಆ ಕೈ ಬಿದ್ದು ಎಷ್ಟು ವರ್ಷವಾಯಿತೋ.

"ನೀನೂ ಇದ್ನ ಆಡ್ತೀಯೇನ್ಲಾ?" ಅಂದರು. ಇಲ್ಲ ಅಂದುಬಿಟ್ಟೆ.

ಈಗ ಉತ್ತರ ಗೊತ್ತು, ಆದರೂ ನನ್ನ ಆಟದಲ್ಲಿ ಇನ್ನೂ ತೂಬು ಎತ್ತಿಲ್ಲ. ನಾಳೆ ಅಪ್ಪನನ್ನು ಪಕ್ಕದಲ್ಲಿ ಕೂರಿಸಿಕೊಂಡು, ಏನೂ ಗೊತ್ತಿಲ್ಲದವನ ಹಾಗೆ, ಮೇಲಿನ ತೂಬನ್ನೇ ಮೊದಲು ಎತ್ತುತ್ತೇನೆ.