ಡ್ರಾಯರಿನಲ್ಲಿದ್ದ ಪತ್ರ

ನವೆಂಬರ್ 14, ಗುರುವಾರ. ಅಲ್ ರೀಮ್.

ಹೆಂಡತಿ ಖೈರುನ್ನಿಸಳಿಗೆ ನರ್ಸರಿಯಲ್ಲಿ ಕೆಲಸ ಸಿಕ್ಕಿದೆ. ಅವಳ ವೀಸಾಕ್ಕೆ ನಾನೇ ಸ್ಪಾನ್ಸರ್, ಹಾಗಾಗಿ ಈ ಗಲ್ಫ್ ನಾಡಿನಲ್ಲಿ ಅವಳು ಕೆಲಸಕ್ಕೆ ಸೇರಲು ನನ್ನ ಸಹಿಯ ಒಪ್ಪಿಗೆ ಪತ್ರ ಬೇಕು. ಎರಡು ವಾರದಿಂದ ಅದು ನನ್ನ ಡ್ರಾಯರಿನಲ್ಲೇ ಇದೆ. ಬೇಡ ಎನ್ನಲು ಧೈರ್ಯವಿಲ್ಲ, ಸಹಿ ಹಾಕಲು ಮನಸ್ಸಿಲ್ಲ.

ಸಂಜೆ ಮಗಳು ಸಮೀಹಾ ಅಮೆರಿಕದ ಸರ್ಕಾರದ ಪಾಠ ಓದುತ್ತಿದ್ದವಳು ತಲೆಯೆತ್ತಿದಳು. "ಉಪ್ಪಾ, ಅಲ್ಲಿ ಪ್ರೆಸಿಡೆಂಟ್ ಹತ್ತು ದಿನ ಸೈನ್ ಹಾಕದೆ ಕೂತ್ರೆ ಬಿಲ್ ತಾನಾಗಿಯೇ ಕಾನೂನು ಆಗ್ತದೆ, ಗೊತ್ತುಂಟಾ?"

"ಯಾವಾಗ್ಲೂ?" ಎಂದೆ.

"ಇಲ್ಲ. ಅಷ್ಟರೊಳಗೆ ಬಿಲ್ ಕಳಿಸಿದ ಸಭೆ ಎದ್ದು ಹೋಗಿದ್ರೆ ಬಿಲ್ ಸತ್ತ ಹಾಗೆ."

ಅಡುಗೆಮನೆಯಿಂದ ಖೈರುನ್ನಿಸಳ ದನಿ ಬಂತು. "ನಾನಂತೂ ಎಲ್ಲಿಗೂ ಎದ್ದು ಹೋಗ್ಲಿಲ್ಲ. ಇಲ್ಲೇ ಇದ್ದೇನೆ."

ಈಗ ಪತ್ರಕ್ಕೆ ಸಹಿ ಹಾಕಿ, ಅವಳ ಚಹಾದ ಕಪ್ಪಿನ ಕೆಳಗೆ ಇಟ್ಟು ಬಂದೆ. ಬೆಳಿಗ್ಗೆ ಅವಳು ಅದನ್ನು ಓದುವಾಗ ನಾನು ನಿದ್ದೆಯಲ್ಲಿರುವಂತೆ ನಟಿಸಬೇಕು. ನಗು ತಡೆದುಕೊಂಡರೆ ಸಾಕು.