ಕ್ಯಾಸೆಟ್ಟಿನಲ್ಲಿ ಹಿಡಿಯದ ಮೂರು ನಿಮಿಷ

ಪ್ರೀತಿಯ ಐದೂವರೆ,

ನನ್ನನ್ನು ಮೇಡಂ ಎಂದು ಕರೆದೆಯಲ್ಲ, ಮೊದಲು ಅದಕ್ಕೆ ನಿನ್ನ ಜೊತೆ ಜಗಳ. ಮೂರನೇ ಮಹಡಿಯವಳನ್ನು ನಾಲ್ಕನೇ ಮಹಡಿಯವನು ಮೇಡಂ ಎನ್ನುವ ಕಾಲ ಬಂತೇ? ನಾನೇನು ನಿನ್ನ ಬ್ಯಾಂಕ್ ಮ್ಯಾನೇಜರೇ? ಹೆಸರು ಹಾಕದೆ ಎರಡು ಸಾಲು ಬರೆದು ಹೋದರೆ ಗುರುತು ಸಿಗುವುದಿಲ್ಲ ಎಂದುಕೊಂಡೆಯಾ? ಸಿಕ್ಕಿತು. ಸಿಕ್ಕಿ ಇಂದಿಗೆ ನಾಲ್ಕು ದಿನ. ಊಟ ತಿಂಡಿ ಯಾವುದೂ ರುಚಿಸುತ್ತಿಲ್ಲ.

ನಡೆದದ್ದನ್ನು ಮೊದಲಿನಿಂದ ಹೇಳುತ್ತೇನೆ. ನಮ್ಮ ಮೆಚ್ಚಿನ ಬ್ಯಾಂಡಿನ ಐವರು ಒಂಬತ್ತು ವರ್ಷ ಬಾಯಿ ಮುಚ್ಚಿಕೊಂಡಿದ್ದು ಈಗ ಹೊಸ ಆಲ್ಬಂ ತಂದಿದ್ದಾರೆ. ಅವರಲ್ಲಿ ಹಳಬರು ಮೂವರೇ ಉಳಿದಿದ್ದಾರೆ, ಆದರೂ ನನ್ನ ಬಾಯಿಗೆ ಬರುವುದು ‘ಐವರು’ ಎಂದೇ. ಪ್ರೋಗ್ರೆಸಿವ್ ಮೆಟಲ್ ಎಂಬ ಈ ಅಬ್ಬರದ, ಲೆಕ್ಕಾಚಾರದ ಸಂಗೀತ ಕೇಳುವವರು ಕೈಬೆರಳೆಣಿಕೆಯಷ್ಟು ಇರಬಹುದು ಎಂದುಕೊಂಡಿದ್ದೆ. ಜಗಳ ಶುರುವಾದ ಮೇಲೆ ಗೊತ್ತಾಯಿತು, ಬೇಕಾದಷ್ಟು ಜನ ಇದ್ದಾರೆ ಮತ್ತು ಎಲ್ಲರಿಗೂ ಪುರುಸೊತ್ತಿದೆ. ಒಬ್ಬ ಹಿರಿಯ ವಿಮರ್ಶಕರು ‘ಇದು ಸಂಗೀತವಲ್ಲ, ಗಣಿತದ ಪರೀಕ್ಷೆ’ ಎಂದು ಬರೆದರು. ‘ಗಣಿತದಲ್ಲಿ ಫೇಲಾದೋರು ವಿಮರ್ಶೆ ಬರೀಬಾರ್ದು’ ಎಂದು ಅಭಿಮಾನಿಗಳು ಅವರ ಬೆನ್ನು ಹತ್ತಿದರು. ಹೊಸ ಗಾಯಕನಿಗೆ ಅರಚಲು ಬರುವುದಿಲ್ಲ ಎಂದು ಒಂದು ಗುಂಪು, ಹಾಡಲು ಬರುತ್ತದಲ್ಲ ಅದೇ ನಮ್ಮ ಪುಣ್ಯ ಎಂದು ಇನ್ನೊಂದು ಗುಂಪು. ಎರಡನೇ ಹಾಡಿನಲ್ಲಿ ತಾಳದ ಎಣಿಕೆ ಹನ್ನೊಂದೋ ಹದಿಮೂರೋ ಎಂದು ಇಬ್ಬರು ಎರಡು ದಿನ ಕಿತ್ತಾಡಿದರು. ಹನ್ನೊಂದನ್ನು ಹನ್ನೊಂದು ಎನ್ನಬಾರದು, ಐದೂವರೆ ಎಂದೇ ಎಣಿಸಬೇಕು ಎಂದು ಹಠ ಹಿಡಿದು ಹೆಸರನ್ನೇ ಕಳೆದುಕೊಂಡವನು ನೀನು. ಅವರ ಕಿತ್ತಾಟ ಓದುವಾಗ ನಿನ್ನ ನೆನಪು ಬರದೆ ಇರುತ್ತದೆಯೇ?

ಪತ್ರಿಕೆಯ ಜಾಲತಾಣದ ನನ್ನ ಅಂಕಣದಲ್ಲಿ ನಾನೂ ವಿಮರ್ಶೆ ಬರೆದೆ. ಕೊನೆಯ ಹಾಡು ಹತ್ತೊಂಬತ್ತು ನಿಮಿಷ. ಅದರಲ್ಲಿ ಕೊನೆಯ ಆರು ನಿಮಿಷ ಡ್ರಮ್ಸ್ ಇಲ್ಲ, ದನಿ ಇಲ್ಲ, ಒಂದೇ ಗಿಟಾರು ಏನನ್ನೋ ಹುಡುಕುತ್ತಾ ಕೂರುತ್ತದೆ. ಆ ಆರು ನಿಮಿಷ ಕತ್ತರಿಸಿ ಎಸೆದಿದ್ದರೆ ಇದು ದೊಡ್ಡ ಆಲ್ಬಂ ಆಗುತ್ತಿತ್ತು ಎಂದು ಬರೆದೆ. ಅಷ್ಟೇ, ಗ್ರಹಚಾರ ಬಿಡಿಸಿದರು. ನಾನು ಈಗ ಹೊಟ್ಟೆಪಾಡಿಗೆ ಕಿವಿ ಪರೀಕ್ಷೆ ಮಾಡುವವಳು, ಒಂದು ಪುಟ್ಟ ಕ್ಲಿನಿಕ್ಕಿನಲ್ಲಿ. ಅದು ಅವರಿಗೆ ಹೇಗೆ ಗೊತ್ತಾಯಿತೋ. ‘ಕಿವಿ ಡಾಕ್ಟರಮ್ಮ ಮೊದ್ಲು ತಮ್ಮ ಕಿವೀನ ತೋರಿಸ್ಕೊಳ್ಳಲಿ’ ಎಂದು ಒಬ್ಬ ಬರೆದ. ಅದಕ್ಕೆ ಐನೂರು ಜನ ನಕ್ಕಿದ್ದರು. ನಿಜ ಹೇಳಬೇಕೆಂದರೆ ನನಗೂ ನಗು ಬಂತು.

ಮಧ್ಯಾಹ್ನದ ಬಿಡುವಿನಲ್ಲಿ, ಹೊರಗಿನ ಸದ್ದು ಒಳಗೆ ಬಾರದ ಪರೀಕ್ಷೆಯ ಕೋಣೆಯಲ್ಲಿ ಕೂತು, ಊಟದ ಡಬ್ಬಿ ತೆರೆದಿಟ್ಟುಕೊಂಡು, ವಿಮರ್ಶೆಯ ಕೆಳಗೆ ಬಂದ ಬೈಗುಳಗಳನ್ನು ಒಂದೊಂದಾಗಿ ಓದುತ್ತಿದ್ದೆ. ಆಗ ನಿನ್ನದು ಬಂತು. ‘ಮೇಡಂ ಹೇಳಿದ್ದು ಸರಿಯಾಗಿದೆ. ಮೊದಲನೇ ಆಲ್ಬಂನಲ್ಲಿ ಬಾಗಿಲ ಹಾಡನ್ನ ಅರ್ಧ ಮಾತಲ್ಲೇ ನಿಲ್ಲಿಸಿದ್ರಲ್ಲ, ಆ ಧೈರ್ಯ ಈಗ ಎಲ್ಲಿ ಹೋಯ್ತು?’

ಕೈಯಲ್ಲಿದ್ದ ತುತ್ತು ಕೈಯಲ್ಲೇ ಉಳಿಯಿತು. ಏಕೆಂದರೆ ಬಾಗಿಲ ಹಾಡು ಅರ್ಧ ಮಾತಿನಲ್ಲಿ ನಿಲ್ಲುವುದಿಲ್ಲ, ಐದೂವರೆ. ಜಗತ್ತಿನಲ್ಲಿ ಯಾರ ಬಳಿಯೂ ಅದು ಅಲ್ಲಿ ನಿಲ್ಲುವುದಿಲ್ಲ. ನಮ್ಮ ಕ್ಯಾಸೆಟ್ಟಿನಲ್ಲಿ ಮಾತ್ರ ನಿಲ್ಲುತ್ತದೆ.

ಕ್ಯಾಸೆಟ್ ಅಂಗಡಿಯವರು ನೆನಪಿದ್ದಾರಾ? ನಮಗೆ ಬೇಕಾದ ಆ ಮೊದಲನೇ ಆಲ್ಬಂ ಅನ್ನು ಕಾಪಿ ಮಾಡುವಾಗ ಎರಡೂ ಕಿವಿಗೆ ಹತ್ತಿ ತುರುಕಿಕೊಳ್ಳುತ್ತಿದ್ದರು. ‘ಇಡೀ ಊರಲ್ಲಿ ಇದನ್ನ ಕೇಳೋರು ನೀವಿಬ್ಬರೇ. ಮೂರನೆಯವರು ಬಂದ ದಿನ ನಾನು ಅಂಗಡಿ ಮುಚ್ತೀನಿ’ ಎಂದಿದ್ದರು. ಆಲ್ಬಂ ಅರವತ್ತಮೂರು ನಿಮಿಷ, ಕ್ಯಾಸೆಟ್ಟು ಅರವತ್ತು. ಕಿವಿಯಲ್ಲಿ ಹತ್ತಿ ಇದ್ದವರಿಗೆ ಹಾಡು ಮುಗಿಯಿತೋ ಕ್ಯಾಸೆಟ್ಟು ಮುಗಿಯಿತೋ ಹೇಗೆ ತಿಳಿಯಬೇಕು? ಆ ಕೊನೆಯ ಹಾಡಿನಲ್ಲಿ ಒಬ್ಬ ಬಾಗಿಲು ಬಡಿದು ಬಡಿದು, ತೆರೆ ತೆರೆ ಎಂದು ಗಂಟಲು ಹರಿಯುವಂತೆ ಕೂಗುತ್ತಾನೆ. ಕೊನೆಯ ಕೂಗಿನ ಅರ್ಧದಲ್ಲಿ ಟಕ್ ಎಂದು ಎಲ್ಲ ನಿಂತುಬಿಡುತ್ತದೆ. ನಾವಿಬ್ಬರೂ ಉಸಿರು ಬಿಗಿಹಿಡಿದು ಕೂತಿದ್ದೆವು.

ಕೂತಿದ್ದದ್ದು ತಾರಸಿಯ ಮೇಲೆ, ಲಿಫ್ಟಿನ ಮೋಟಾರು ಕೋಣೆಯಲ್ಲಿ. ನೀನು ಲಿಫ್ಟ್ ರಿಪೇರಿಯವನಾದ್ದರಿಂದ ಅದರ ಬೀಗದ ಕೈ ನಿನ್ನ ಜೇಬಿನಲ್ಲೇ ಇರುತ್ತಿತ್ತು. ಮನೆಯೊಳಗೆ ಕೇಳುವ ಹಾಗಿರಲಿಲ್ಲ. ‘ಅದೇನು ಹಾಡೋ, ಯಾರಿಗೋ ಹಲ್ಲು ಕೀಳ್ತಿರೋ ಹಾಗಿದೆ’ ಎನ್ನುತ್ತಿದ್ದಳು ನನ್ನಮ್ಮ. ಗ್ರೀಸಿನ ವಾಸನೆ, ಎರಡು ಮಗುಚಿದ ಬಕೆಟ್ಟು, ನಡುವೆ ನಿನ್ನ ಟೇಪ್ ರೆಕಾರ್ಡರು. ಕೆಳಗೆ ಯಾರಾದರೂ ಗುಂಡಿ ಒತ್ತಿದರೆ ಮೋಟಾರು ತಿರುಗಿ ಹಾಡು ಅದರಲ್ಲಿ ಮುಳುಗಿಹೋಗುತ್ತಿತ್ತು. ನಾನು ಸಿಡಿಮಿಡಿಗೊಂಡರೆ ನೀನು ಸದ್ದಿನಲ್ಲೇ ಲೆಕ್ಕ ಹಾಕಿ, ‘ಎರಡನೇ ಮಹಡಿ ಅಜ್ಜಿ. ಔಷಧಿ ಅಂಗಡಿಗೆ ಹೊರಟರು. ಇರು, ಈಗ ನಿಲ್ಲುತ್ತೆ’ ಎನ್ನುತ್ತಿದ್ದೆ. ಒಮ್ಮೆಯೂ ತಪ್ಪಿದವನಲ್ಲ ನೀನು.

ಆ ಟಕ್ ಎಂದು ನಿಂತ ಹಾಡಿನ ಬಗ್ಗೆ ನಾವು ಎಷ್ಟೆಲ್ಲ ಮಾತಾಡಿದೆವು! ಬಾಗಿಲು ತೆರೆಯಿತೇ, ಅವನು ಸತ್ತನೇ, ಬಾಗಿಲ ಆಚೆ ಇದ್ದವನೂ ಅವನೇನಾ. ವಾರಗಟ್ಟಲೆ ವಾದಿಸಿದೆವು. ಕೊನೆಗೆ ನೀನು ಕೈ ಒರೆಸಿಕೊಳ್ಳುತ್ತಾ ಹೇಳಿದೆ: ‘ಮುಗಿಸೋಕೆ ಬರೋರು ಬಹಳ ಜನ ಇದ್ದಾರೆ ಕಣೇ. ನಿಲ್ಲಿಸೋಕೆ ಬರೋದು ಇವರಿಗೆ ಮಾತ್ರ.’

ಈಗ ಬರೆಯಬೇಕಾದದ್ದನ್ನು ಬರೆಯಲು ಕೈ ಹಿಂದೆಮುಂದೆ ನೋಡುತ್ತಿದೆ. ಆದರೂ ಬರೆಯುತ್ತೇನೆ. ಇಪ್ಪತ್ತೆರಡು ವರ್ಷಗಳ ಹಿಂದೆ ಕಾಲೇಜಿನ ಪತ್ರಿಕೆಯಲ್ಲಿ ನನ್ನ ಮೊದಲ ವಿಮರ್ಶೆ ಬಂತು. ‘ಮುಗಿಸಲು ಬಲ್ಲವರು ಬಹಳ, ನಿಲ್ಲಿಸಲು ಬಲ್ಲವರು ಇವರು ಮಾತ್ರ.’ ಅದೇ ಅದರ ಮೊದಲ ಸಾಲು. ಎಲ್ಲರೂ ಕೊಂಡಾಡಿದ್ದು ಆ ಒಂದು ಸಾಲನ್ನು. ಗೆಳೆಯ ಹೇಳಿದ ಮಾತು ಎಂದು ಎಲ್ಲೂ ಬರೆಯಲಿಲ್ಲ. ಮರೆತೆ ಎಂದು ಹೇಳಬಹುದಿತ್ತು, ಆದರೆ ಮರೆತಿರಲಿಲ್ಲ. ಪತ್ರಿಕೆ ತಂದು ನಿನ್ನ ಕೈಗೇ ಕೊಟ್ಟೆ, ಹೊಗಳುತ್ತೀಯ ಎಂದು. ನೀನು ನಿಂತುಕೊಂಡೇ ಓದಿದೆ. ‘ಚೆನ್ನಾಗಿದೆ. ನನ್ನ ಮಾತು ಇಷ್ಟು ಚೆನ್ನಾಗಿರುತ್ತೆ ಅಂತ ಗೊತ್ತಿರಲಿಲ್ಲ’ ಎಂದೆ. ನಗುತ್ತಲೇ ಹೇಳಿದೆ. ಆ ವಾರ ಕ್ಯಾಸೆಟ್ಟು ಇಟ್ಟುಕೊಳ್ಳುವ ಸರದಿ ನಿನ್ನದು. ಮುಂದಿನ ವಾರ ನೀನು ಅದನ್ನು ಕೊಡಲು ಬರಲಿಲ್ಲ, ನಾನು ಕೇಳಲು ಮೇಲೆ ಹತ್ತಲಿಲ್ಲ. ಒಂದೇ ಮಹಡಿಯ ಮೆಟ್ಟಿಲು, ಹದಿನೆಂಟು. ಎರಡು ತಿಂಗಳಿಗೆ ನಿನ್ನ ಕಂಪನಿಯವರು ನಿನ್ನನ್ನು ಬೇರೆ ಊರಿಗೆ ಕಳಿಸಿದರು ಎಂದು ಎರಡನೇ ಮಹಡಿಯ ಅಜ್ಜಿಯಿಂದ ಗೊತ್ತಾಯಿತು.

ಇಷ್ಟೇ ಆಗಿದ್ದರೆ ಹೇಗೋ ಸಹಿಸಿಕೊಳ್ಳುತ್ತಿದ್ದೆ. ನೀನು ಹೋಗುವ ಮೊದಲೇ ಪತ್ರಿಕೆಗೆ ಒಬ್ಬ ಓದುಗರ ಕಾಗದ ಬಂದಿತ್ತು: ಹಾಡು ಅಲ್ಲಿ ನಿಲ್ಲುವುದಿಲ್ಲ, ಇನ್ನೂ ಮೂರು ನಿಮಿಷ ಇದೆ, ವಿಮರ್ಶಕಿ ಪೂರ್ತಿ ಕೇಳಿ ಬರೆಯಲಿ. ಅವರ ಮನೆ ಹುಡುಕಿಕೊಂಡು ಹೋಗಿ, ಅವರ ಸೋಫಾದ ಅಂಚಿನಲ್ಲಿ ಕೂತು, ಆ ಮೂರು ನಿಮಿಷ ಕೇಳಿದೆ. ಒಂದೇ ಸಲ. ಎದ್ದು ಓಡಿಬಂದು ನಿನಗೆ ಹೇಳಬೇಕು ಅನ್ನಿಸಿತು. ಇದನ್ನು ಇನ್ಯಾರಿಗೆ ಹೇಳಲಿ? ಆದರೆ ಅವಮಾನವಾಗಿತ್ತು, ಅವಮಾನಕ್ಕೆ ನಿನ್ನ ಮೇಲೇ ಸಿಟ್ಟು ಬಂದಿತ್ತು. ನಿನ್ನ ಮಾತು ಕದ್ದದ್ದಲ್ಲದೆ, ಆ ಮಾತು ತಪ್ಪು ಎಂದು ತಿಳಿದ ಮೇಲೂ ನಿನಗೆ ತಿಳಿಸಲಿಲ್ಲ. ನೀನು ಅಲ್ಲೇ, ಆ ಟಕ್ ಎಂಬಲ್ಲೇ, ನಿಂತಿರಲಿ ಎಂದು ಬಿಟ್ಟುಬಂದೆ.

ತಮಾಷೆ ಏನು ಗೊತ್ತಾ? ತಪ್ಪು ಎಂದು ಗೊತ್ತಿದ್ದೂ ನಾನು ಬದಲಾಗಲಿಲ್ಲ. ಇಷ್ಟು ವರ್ಷ ಯಾವ ಹಾಡು ಎಳೆದರೂ ಬೈದೆ, ಥಟ್ಟನೆ ನಿಂತದ್ದನ್ನೆಲ್ಲ ಹೊಗಳಿದೆ. ನನ್ನ ಅಂಕಣದ ಹೆಸರೇ ‘ನಿಲ್ಲಿಸಲು ಬಲ್ಲವರು’. ನೀನು ಅದನ್ನು ಓದುತ್ತಲೇ ಇದ್ದೆ ಎಂದಾಯಿತು, ಸದ್ದಿಲ್ಲದೆ. ಒಬ್ಬ ಅಂಗಡಿಯವರ ಕಿವಿಯ ಹತ್ತಿಯಿಂದ ಒಬ್ಬ ವಿಮರ್ಶಕಿಯ ಸಿದ್ಧಾಂತ ಹುಟ್ಟಿತು. ಈ ಆಲ್ಬಂನ ಕೊನೆಯ ಆರು ನಿಮಿಷ ಕೆಟ್ಟದಾಗಿವೆಯೋ, ಅಥವಾ ಸದ್ದಡಗಿದ ಮೇಲೂ ಕೂತು ಕೇಳುವುದು ನನಗೆ ಬರುವುದಿಲ್ಲವೋ, ಈಗ ಪ್ರಾಮಾಣಿಕವಾಗಿ ಹೇಳಲಾರೆ. ಅಭಿಮಾನಿಗಳು ಬೈದದ್ದರಲ್ಲಿ ಅರ್ಧ ಸರಿ ಇರಬೇಕು.

ಆದರೆ ನಿನಗೆ ಬೈದದ್ದು ಸರಿಯಲ್ಲ. ‘ಯಾವ ಲೋಕದಲ್ಲಿದ್ದೀರಿ ಅಂಕಲ್, ಇನ್ನೂ ಮೂರು ನಿಮಿಷ ಇದೆ.’ ‘ಹಾಡು ಕೇಳದೇನೇ ಫ್ಯಾನ್ ಅಂತೆ.’ ಒಂದರ ಮೇಲೊಂದು ಮೂವತ್ತೆಂಟು ಜನ, ಎಣಿಸಿದ್ದೇನೆ. ಕೆಳಗೆ ನಿನ್ನ ಉತ್ತರ: ‘ಕ್ಷಮಿಸಿ. ನಾನು ಕೇಳಿರೋದು ಅಷ್ಟೇ.’ ಆಮೇಲೆ ನೀನು ಮತ್ತೆ ಬರಲಿಲ್ಲ. ನನ್ನ ಪರವಾಗಿ ಬಾಯಿ ಬಿಟ್ಟ ಒಬ್ಬನೇ ಒಬ್ಬ ನೀನು. ನಾನು ಮುಚ್ಚಿಟ್ಟ ಮಾತಿನಿಂದಲೇ ನಿನಗೆ ಊರ ಮುಂದೆ ಏಟು ಬಿತ್ತು. ಆ ನಾಲ್ಕು ಪದಗಳನ್ನು ಓದಿ, ಶಬ್ದ ಹೊರಗೆ ಹೋಗದ ಕೋಣೆಯಲ್ಲಿದ್ದೇನಲ್ಲ ಎಂಬ ಧೈರ್ಯದಿಂದ ಜೋರಾಗಿ ಅತ್ತುಬಿಟ್ಟೆ.

ಕೇಳಿರೋದು ಅಷ್ಟೇ ಎಂದರೆ ಏನರ್ಥ, ಮಾರಾಯ? ಈಗ ಯಾವ ಹಾಡು ಬೇಕಾದರೂ ಕ್ಷಣದಲ್ಲಿ ಫೋನಿಗೆ ಬರುತ್ತದೆ. ಇಷ್ಟು ವರ್ಷ ನೀನು ಬಾಗಿಲ ಹಾಡನ್ನು ಬೇರೆ ಎಲ್ಲೂ ಕೇಳಲೇ ಇಲ್ಲ. ಅಂದರೆ ನಮ್ಮ ಕ್ಯಾಸೆಟ್ಟು ಇನ್ನೂ ನಿನ್ನ ಬಳಿ ಇದೆ. ಅಥವಾ ಅದೂ ಹಾಳಾಗಿ, ಅದಿಲ್ಲದ ಮೇಲೆ ಆ ಹಾಡೇ ಬೇಡ ಎಂದು ಬಿಟ್ಟಿದ್ದೀಯ. ಎರಡರಲ್ಲಿ ಯಾವುದು ನಿಜವಾದರೂ ನನಗೆ ತಡೆದುಕೊಳ್ಳಲು ಆಗುವುದಿಲ್ಲ.

ಪರೀಕ್ಷೆಗೆ ಬರುವವರಲ್ಲಿ ಕೆಲವರು ಹೆಡ್‌ಫೋನಿನಲ್ಲಿ ಏನೂ ಕೇಳಿಸದಿದ್ದರೂ ಕೇಳಿಸಿತು ಎಂದು ಗುಂಡಿ ಒತ್ತುತ್ತಾರೆ. ಸುಳ್ಳು ಹೇಳುವುದಲ್ಲ, ಕೇಳಿಸಲಿ ಎಂಬ ಆಸೆ ಅಷ್ಟಿರುತ್ತದೆ. ನಾನೂ ಹಾಗೇ ಮಾಡುತ್ತಿದ್ದೇನಾ ಎಂದು ಅನುಮಾನವಾಯಿತು. ಬರೆದವನು ಯಾರೋ ಬೇರೆಯವನಿರಬಹುದು. ಇರಲಿ. ಸಂಪಾದಕರು ‘ಉತ್ತರ ಕೊಡಿ, ಜನ ಕಾಯ್ತಿದ್ದಾರೆ’ ಎಂದು ನಾಲ್ಕು ದಿನದಿಂದ ಪ್ರಾಣ ತಿನ್ನುತ್ತಿದ್ದಾರೆ. ಇದೇ ಆ ಉತ್ತರ, ಆದರೆ ಜನಕ್ಕಲ್ಲ. ಅಂಕಣದ ಹೆಸರು ನಿನ್ನದು ಎಂದು ಎಲ್ಲರೂ ಓದಲಿ. ಮುಂದಿನ ವಾರದಿಂದ ಅದನ್ನು ತೆಗೆಯಲು ಹೇಳಿದ್ದೇನೆ.

ಇನ್ನೊಂದು ಮಾತು. ನಿನ್ನನ್ನು ಪ್ರೀತಿಸುತ್ತಿದ್ದೆ. ಹಾಡಿನ ನೆಪ ಮಾಡಿಕೊಂಡು ಮೇಲೆ ಬರುತ್ತಿದ್ದೆ ಎಂದಲ್ಲ, ಹಾಡೂ ಬೇಕಿತ್ತು, ನೀನೂ ಬೇಕಿತ್ತು. ನಿನಗೆ ಈಗ ಹೆಂಡತಿ ಮಕ್ಕಳು ಇರಬಹುದು. ಇದ್ದರೆ ಅವರನ್ನೂ ಕರೆದುಕೊಂಡು ಬಾ, ಎಲ್ಲರ ಕಿವಿಯನ್ನೂ ನೋಡಿ ಕಳಿಸುತ್ತೇನೆ. ನನಗೆ ಬೇಕಾದದ್ದು ಮೂರು ನಿಮಿಷ. ಕೂಗು ನಿಂತ ಮೇಲೆ ಏನಿದೆ ಎಂದು ಇಲ್ಲಿ ಬರೆಯುವುದಿಲ್ಲ. ನಿನ್ನ ಪಕ್ಕ ಕೂತು ಕೇಳಬೇಕು, ಕೇಳುವಾಗ ನಿನ್ನ ಮುಖ ನೋಡಬೇಕು. ನನ್ನ ಪರೀಕ್ಷೆಯ ಕೋಣೆಯಲ್ಲಿ ಇಬ್ಬರು ಕೂರುವಷ್ಟು ಜಾಗ ಇಲ್ಲ, ಹೇಗೋ ಒತ್ತಿಕೊಂಡು ಕೂರೋಣ. ಕ್ಲಿನಿಕ್ಕಿನ ಫೋನ್ ನಂಬರನ್ನು ಈ ಪುಟದ ಕೊನೆಗೆ ಹಾಕಿಸಿದ್ದೇನೆ. ಭಾನುವಾರ ಬಿಟ್ಟು ಯಾವ ದಿನವಾದರೂ ಸರಿ.

ಆ ಮೂವತ್ತೆಂಟು ಜನರಲ್ಲಿ ಯಾರೋ ಪೂರ್ತಿ ಹಾಡಿನ ಕೊಂಡಿಯನ್ನು ನಿನ್ನ ಮುಖಕ್ಕೇ ಎಸೆದಿದ್ದಾರೆ, ನೋಡಿದೆ. ಇನ್ನೂ ತೆರೆದಿಲ್ಲವಾದರೆ ತೆರೆಯಬೇಡ. ಈಗಾಗಲೇ ಕೇಳಿಬಿಟ್ಟಿದ್ದರೆ, ಕೇಳಿಲ್ಲ ಎಂದು ನನ್ನ ಹತ್ತಿರ ಸುಳ್ಳು ಹೇಳು. ನಾನು ನಂಬುತ್ತೇನೆ.

ಎಲ್ಲಿದ್ದರೂ ಸುಖವಾಗಿರು. ನಿನ್ನ ಎರಡೂ ಕಿವಿ ನೂರು ವರ್ಷ ಚೆನ್ನಾಗಿರಲಿ.

ನಿನ್ನ,
ಮೂರನೇ ಮಹಡಿಯವಳು